ಇಂಗ್ಲಿಷಿನ ‘ಓಲ್ಡ್’ ಪದವನ್ನು ಫ್ರೆಂಚ್‌ಗೆ ತರುವ ಬಗೆ: ಕನ್ನಡದ ಕಲಿಕೆಗಾರರಿಗೆ ಒಂದು ಸಮಗ್ರ ಮಾರ್ಗದರ್ಶಿ

ಎಂಬತ್ತು ದಾಟಿದ ಅಜ್ಜ, ಅಂಚು ಹರಿದ ಚೀಲ, ಹನ್ನೆರಡನೆಯ ಶತಮಾನದ ದೇವಾಲಯ, ಹೋದ ವರ್ಷ ಬಿಟ್ಟುಬಂದ ಬಾಡಿಗೆ ಮನೆ, ಪ್ರಾಥಮಿಕ ಶಾಲೆಯಿಂದ ಜೊತೆಗಿರುವ ಗೆಳೆಯ: ಇವೆಲ್ಲಕ್ಕೂ ಇಂಗ್ಲಿಷ್ ‘ಓಲ್ಡ್’ ಎಂಬ ಒಂದೇ ಗುಣವಾಚಕವನ್ನು ಬಳಸುತ್ತದೆ. ಫ್ರೆಂಚ್ ಭಾಷೆಯಲ್ಲಿ ಇಷ್ಟೆಲ್ಲವನ್ನೂ ಹೊರುವ ಒಂದು ಪದವಿಲ್ಲ. ನಮ್ಮಲ್ಲಿ ಫ್ರೆಂಚ್ ಕಲಿಯುವವರಲ್ಲಿ ಹೆಚ್ಚಿನವರು ಇಂಗ್ಲಿಷ್ ಮಾಧ್ಯಮದ ಪಠ್ಯಪುಸ್ತಕದಿಂದಲೇ ಕಲಿಯುತ್ತಾರೆ. ಮೊದಲ ತಿಂಗಳಿನಲ್ಲೇ ‘ಓಲ್ಡ್ ಎಂದರೆ ವ್ಯೋ’ ಎಂದು ಪಟ್ಟಿ ಬರೆದುಕೊಂಡು ಮುಂದೆ ಹೋಗುತ್ತಾರೆ. ಆ ಪಟ್ಟಿಯನ್ನೇ ನಂಬಿ ಬರೆದ ವಾಕ್ಯದಲ್ಲಿ ಹಿಂದೆ ಪಾಠ ಹೇಳಿದ ಮೂವತ್ತೈದರ ಅಧ್ಯಾಪಕರು ವಯಸ್ಸಾದವರಾಗಿಬಿಡುತ್ತಾರೆ, ಪೂಜೆ ನಡೆಯುತ್ತಿರುವ ಗುಡಿ ಪಾಳುಬಿದ್ದ ಕಟ್ಟಡವಾಗುತ್ತದೆ, ಗೌರವಿಸಬೇಕಾದ ಹಿರಿಯರು ‘ಮುದುಕ’ ಎನಿಸಿಕೊಳ್ಳುತ್ತಾರೆ.

ಈ ಪದದ ಮಟ್ಟಿಗೆ ಇಂಗ್ಲಿಷಿನಿಂದ ನೇರವಾಗಿ ಫ್ರೆಂಚ್‌ಗೆ ಹಾರುವುದನ್ನು ಬಿಟ್ಟು ಕನ್ನಡದ ಮೂಲಕ ಹೋಗುವುದೇ ಸರಿಯಾದ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಳೆಯ, ಹಿಂದಿನ, ಮಾಜಿ, ಪ್ರಾಚೀನ, ಪುರಾತನ, ಮುದಿ, ವಯಸ್ಸಾದ, ಹಿರಿಯ, ತಂಗಳು ಎಂದು ಕನ್ನಡವು ಆ ಒಂದು ಪದವನ್ನು ಆಗಲೇ ಹಲವು ಹೋಳು ಮಾಡಿಟ್ಟಿದೆ. ಫ್ರೆಂಚ್ ಮಾಡಿದ ಹೋಳುಗಳು ನಮ್ಮವಕ್ಕೆ ಪೂರ್ತಿ ಹೊಂದುವುದಿಲ್ಲ. ಆದರೂ ಯಾವ ಅರ್ಥದಲ್ಲಿ ಮಾತಾಡುತ್ತಿದ್ದೇವೆ ಎಂದು ಕನ್ನಡದಲ್ಲಿ ಒಮ್ಮೆ ಕೇಳಿಕೊಂಡರೆ ಅರ್ಧ ಕೆಲಸ ಮುಗಿದಂತೆಯೇ.

ಉಚ್ಚಾರಣೆಯ ಬಗ್ಗೆ ಒಂದು ಮಾತು. ಇಲ್ಲಿ ಫ್ರೆಂಚ್ ಪದಗಳನ್ನು ಕಿವಿಗೆ ಕೇಳುವಂತೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಸೊನ್ನೆ ಬಂದಲ್ಲಿ ‘ಮ್’ ಎಂದು ತುಟಿ ಮುಚ್ಚದೆ ಸ್ವರವನ್ನು ಮೂಗಿನಿಂದ ಹೊರಡಿಸಬೇಕು. ‘ವ್ಯೋ’ ಎಂಬಲ್ಲಿನ ಓಕಾರವು ಕನ್ನಡದ ಓಕಾರವಲ್ಲ; ತುಟಿಗಳನ್ನು ಓಕಾರಕ್ಕೆಂದು ದುಂಡಗೆ ಮಾಡಿ, ನಾಲಿಗೆಯನ್ನು ಏಕಾರದ ಜಾಗದಲ್ಲಿಟ್ಟು ನುಡಿದರೆ ಆ ಧ್ವನಿ ಸಿಗುತ್ತದೆ.

ಮೊದಲ ಹೆಜ್ಜೆ: ವಿರುದ್ಧ ಪದವನ್ನು ಹುಡುಕಿ

ಅನುವಾದಿಸಬೇಕಾದ ವಾಕ್ಯದಲ್ಲಿ ‘ಓಲ್ಡ್’ ಬಂದ ಕೂಡಲೇ ಅದರ ಅರ್ಥವನ್ನು ಕೇಳಬೇಡಿ, ಅದರ ಎದುರು ಪದವನ್ನು ಕೇಳಿ. ಇಲ್ಲಿ ‘ಹಳೆಯ’ ಎಂಬುದಕ್ಕೆ ವಿರುದ್ಧವಾಗಿ ನಿಲ್ಲುವುದು ‘ಎಳೆಯ’ ಎಂಬುದೋ, ‘ಹೊಸ’ ಎಂಬುದೋ, ‘ಈಗಿನ’ ಎಂಬುದೋ, ‘ಆಧುನಿಕ’ ಎಂಬುದೋ, ಇಲ್ಲ ‘ತಾಜಾ’ ಎಂಬುದೋ? ‘ಹಳೆಯ ವಿದ್ಯಾರ್ಥಿಗಳ ಸಂಘ’ ಎಂಬಲ್ಲಿ ಹಳೆಯ ಎಂದರೆ ಮುಪ್ಪಾದ ಎಂದಲ್ಲ. ಅಲ್ಲಿ ಎದುರಾಗಿರುವುದು ‘ಈಗಿನ’ ವಿದ್ಯಾರ್ಥಿಗಳು. ಹೋದ ವರ್ಷ ಕಾಲೇಜು ಬಿಟ್ಟ ಇಪ್ಪತ್ತೊಂದರ ಹುಡುಗಿಯೂ ಹಳೆಯ ವಿದ್ಯಾರ್ಥಿನಿಯೇ. ‘ಹಳೆಯ ಚಪ್ಪಲಿ’ ಎಂಬಲ್ಲಿ ಎದುರಾಗಿರುವುದು ‘ಹೊಸ’. ‘ಹಳೆಯ ಶಾಸನ’ ಎಂಬಲ್ಲಿ ಎದುರಾಗಿರುವುದು ನಮ್ಮ ಕಾಲ.

ಎದುರು ಪದ ‘ಎಳೆಯ’ ಅಥವಾ ‘ಹೊಸ’ ಆದರೆ ನಿಮಗೆ ಬೇಕಾದದ್ದು ‘ವ್ಯೋ’. ‘ಈಗಿನ’ ಆದರೆ ನಾಮಪದದ ಮುಂಚೆ ಬರುವ ‘ಆಂಸ್ಯಾಂ’. ‘ಆಧುನಿಕ’ ಆದರೆ ನಾಮಪದದ ನಂತರ ಬರುವ ಅದೇ ‘ಆಂಸ್ಯಾಂ’. ಮನುಷ್ಯರ ವಯಸ್ಸನ್ನು ಮರ್ಯಾದೆಯಿಂದ ಹೇಳುವುದಾದರೆ ‘ಆಝೇ’. ‘ತಾಜಾ’ ಆದರೆ ಇವು ಯಾವುವೂ ಅಲ್ಲದ ಬೇರೆ ಪದಗಳಿವೆ. ಕನ್ನಡದ ‘ಹಳೆಯ’ ಪದವೂ ಕೆಲವೊಮ್ಮೆ ಎರಡು ಅರ್ಥ ಕೊಡುವುದರಿಂದ ಈ ಪರೀಕ್ಷೆಯನ್ನು ಬಿಡಬಾರದು. ‘ನಮ್ಮ ಹಳೇ ಮನೆ’ ಎಂದರೆ ಕಟ್ಟಿ ನೂರು ವರ್ಷವಾದ ಮನೆಯೂ ಆಗಬಹುದು, ಈ ಮನೆಗೆ ಬರುವ ಮುನ್ನ ಇದ್ದ ಮನೆಯೂ ಆಗಬಹುದು. ಫ್ರೆಂಚ್ ಈ ಎರಡನ್ನೂ ಒಂದೇ ಬಗೆಯಲ್ಲಿ ಹೇಳಲು ಬಿಡುವುದಿಲ್ಲ.

ಎರಡನೆಯ ಹೆಜ್ಜೆ: ‘ವ್ಯೋ’ ಪದದ ರೂಪಗಳನ್ನು ಕೈವಶ ಮಾಡಿಕೊಳ್ಳಿ

ಕನ್ನಡದ ಗುಣವಾಚಕ ಬದಲಾಗುವುದಿಲ್ಲ. ಹಳೆಯ ಮನೆ, ಹಳೆಯ ಪುಸ್ತಕಗಳು, ಹಳೆಯ ಗೆಳತಿಯರು ಎನ್ನುವಾಗ ‘ಹಳೆಯ’ ಇದ್ದ ಹಾಗೆಯೇ ಇರುತ್ತದೆ. ಫ್ರೆಂಚಿನಲ್ಲಿ ಗುಣವಾಚಕವು ನಾಮಪದದ ಲಿಂಗ ಮತ್ತು ವಚನಗಳನ್ನು ಹಿಂಬಾಲಿಸುತ್ತದೆ. ಜೊತೆಗೆ, ಅಲ್ಲಿ ನಪುಂಸಕಲಿಂಗವಿಲ್ಲ. ಪುಸ್ತಕ, ಅಂದರೆ ‘ಲೀವ್ರ್’, ಪುಲ್ಲಿಂಗ. ಮನೆ, ಅಂದರೆ ‘ಮೇಜ಼ೋಂ’, ಸ್ತ್ರೀಲಿಂಗ. ಅರ್ಥ ನೋಡಿ ಲಿಂಗ ಹೇಳುವ ನಮ್ಮ ಅಭ್ಯಾಸ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲವಾದ್ದರಿಂದ ಪ್ರತಿ ನಾಮಪದವನ್ನು ಅದರ ಲಿಂಗದ ಜೊತೆಗೇ ಕಲಿಯಬೇಕು.

ಪುಲ್ಲಿಂಗ ಏಕವಚನದಲ್ಲಿ ‘ವ್ಯೋ’ ಎಂಬುದಕ್ಕೆ ಎರಡು ರೂಪಗಳಿವೆ. ಮುಂದಿನ ನಾಮಪದ ವ್ಯಂಜನದಿಂದ ಆರಂಭವಾದರೆ ‘ವ್ಯೋ’. ವಿ, ಐ, ಇ, ಯು, ಎಕ್ಸ್ ಎಂಬ ಐದು ಅಕ್ಷರಗಳಲ್ಲಿ ಅದನ್ನು ಬರೆಯುತ್ತಾರೆ. ಹಳೆಯ ಪುಸ್ತಕ ‘ಅಂ ವ್ಯೋ ಲೀವ್ರ್’. ಮುಂದಿನ ನಾಮಪದ ಸ್ವರದಿಂದ ಆರಂಭವಾದರೆ ಅದು ‘ವ್ಯೆಯ್’ ಆಗುತ್ತದೆ, ಕೊನೆಯ ಯು ಮತ್ತು ಎಕ್ಸ್ ಹೋಗಿ ಆ ಜಾಗಕ್ಕೆ ಐ ಮತ್ತು ಎಲ್ ಬರುತ್ತವೆ. ಹಳೆಯ ಮರ ‘ಅಂ ವ್ಯೆಯ್ ಆರ್ಬ್ರ್’. ಉಚ್ಚಾರದಲ್ಲಿ ಇಲ್ಲದ ಎಚ್ ಅಕ್ಷರದಿಂದ ಶುರುವಾಗುವ ಪದಗಳಿಗೂ ಇದೇ ನಿಯಮ: ಮುದುಕ ‘ಅಂ ವ್ಯೆಯ್ ಓಮ್’, ಹಳೆಯ ಹೋಟೆಲು ‘ಅಂ ವ್ಯೆಯ್ ಓತೆಲ್’. ಸಂಧಿಯ ನಿಯಮಗಳನ್ನು ಶಾಲೆಯಲ್ಲಿ ಓದಿದ ನಮಗೆ, ಎರಡು ಸ್ವರಗಳು ನೇರವಾಗಿ ಢಿಕ್ಕಿಯಾಗದಂತೆ ಭಾಷೆ ನಡುವೆ ಒಂದು ಧ್ವನಿಯನ್ನು ತಂದಿಡುವುದು ಹೊಸ ವಿಷಯವೇನಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಎಚ್ ಅಕ್ಷರದ ಕೆಲವು ಪದಗಳು ಉಚ್ಚಾರದಲ್ಲಿ ಸ್ವರದಿಂದ ಆರಂಭವಾದರೂ ವ್ಯಂಜನದ ಹಾಗೆ ನಡೆದುಕೊಳ್ಳುತ್ತವೆ. ಗೂಬೆ ಎಂಬ ಅರ್ಥದ ‘ಇಬೂ’ ಅಂಥದ್ದು, ವೀರ ಎಂಬ ಅರ್ಥದ ‘ಎರೋ’ ಅಂಥದ್ದು. ಅವುಗಳ ಹಿಂದೆ ‘ವ್ಯೆಯ್’ ಬರುವುದಿಲ್ಲ, ‘ವ್ಯೋ ಇಬೂ’, ‘ವ್ಯೋ ಎರೋ’ ಎಂದೇ ಹೇಳಬೇಕು. ಬಹುವಚನದಲ್ಲೂ ಅವುಗಳೊಂದಿಗೆ ಧ್ವನಿ ಕೂಡಿಸಬಾರದು. ‘ವೀರರು’ ಎಂಬರ್ಥದ ‘ಲೇ ಎರೋ’ ಎಂಬುದನ್ನು ಸಂಧಿ ಮಾಡಿ ‘ಲೇ ಜ಼ೆರೋ’ ಎಂದರೆ ಕೇಳಿದವರಿಗೆ ‘ಸೊನ್ನೆಗಳು’ ಎಂದು ಕೇಳಿಸುತ್ತದೆ. ಯಾವ ಎಚ್ ಯಾವ ಬಗೆಯದು ಎಂಬುದಕ್ಕೆ ನಿಘಂಟನ್ನೇ ನೋಡಬೇಕು; ಹೆಚ್ಚಿನ ಫ್ರೆಂಚ್ ನಿಘಂಟುಗಳು ಇಂಥ ಪದಗಳಿಗೆ ಒಂದು ವಿಶೇಷ ಗುರುತನ್ನು ಹಾಕಿರುತ್ತವೆ.

ಸ್ತ್ರೀಲಿಂಗದಲ್ಲಿ ಮುಂದೆ ಸ್ವರವಿರಲಿ, ವ್ಯಂಜನವಿರಲಿ, ರೂಪ ಒಂದೇ. ಉಚ್ಚಾರ ಮತ್ತೆ ‘ವ್ಯೆಯ್’, ಆದರೆ ಬರೆಯುವಾಗ ಎರಡು ಎಲ್ ಬಂದು ಕೊನೆಗೆ ಇ ಸೇರುತ್ತದೆ. ಹಳೆಯ ಮನೆ ‘ಯ್ಯೂನ್ ವ್ಯೆಯ್ ಮೇಜ಼ೋಂ’. ಹಳೆಯ ಗೆಳೆಯ, ಹಳೆಯ ಗೆಳತಿ ಎಂಬ ಎರಡರಲ್ಲೂ ಕಿವಿಗೆ ಕೇಳುವುದು ‘ವ್ಯೆಯ್ ಅಮೀ’ ಎಂದೇ ಆದ್ದರಿಂದ ವ್ಯತ್ಯಾಸ ಗೊತ್ತಾಗುವುದು ಮುಂಚೆ ಬರುವ, ‘ಒಂದು’ ಎಂಬರ್ಥದ ‘ಅಂ’ ಅಥವಾ ‘ಯ್ಯೂನ್’ ಎಂಬ ಉಪಪದದಿಂದ ಮಾತ್ರ. ಪುಲ್ಲಿಂಗ ಬಹುವಚನಕ್ಕೆ ಏಕವಚನದ ‘ವ್ಯೋ’ ರೂಪವೇ ಸಾಕು. ಕೊನೆಯಲ್ಲಿ ಎಕ್ಸ್ ಇರುವುದರಿಂದ ಬೇರೆ ಪ್ರತ್ಯಯ ಬೇಡ. ಆದರೆ ಮುಂದೆ ಸ್ವರ ಬಂದಾಗ ಆ ಎಕ್ಸ್ ‘ಜ಼್’ ಎಂದು ಕೇಳಿಸುತ್ತದೆ: ಹಳೆಯ ಗೆಳೆಯರು ‘ದ ವ್ಯೋ ಜ಼ಮೀ’. ಗಮನಿಸಿ, ಬಹುವಚನದ ಉಪಪದವಾದ ‘ದೇ’ ಇಲ್ಲಿ ‘ದ’ ಆಗಿದೆ. ಗುಣವಾಚಕವು ಬಹುವಚನದ ನಾಮಪದದ ಮುಂಚೆ ಬಂದಾಗ ಬರವಣಿಗೆಯ ಫ್ರೆಂಚಿನಲ್ಲಿ ಹೀಗಾಗುತ್ತದೆ. ಆಡುಮಾತಿನಲ್ಲಿ ‘ದೇ’ ಎಂದೇ ಹೇಳುವವರು ಬೇಕಾದಷ್ಟಿದ್ದಾರೆ. ಪರೀಕ್ಷೆಯಲ್ಲೂ ಪತ್ರದಲ್ಲೂ ‘ದ’ ಎಂದು ಬರೆಯುವುದು ಒಳ್ಳೆಯದು.

ಫ್ರೆಂಚಿನ ಬಹುಪಾಲು ಗುಣವಾಚಕಗಳು ನಾಮಪದದ ನಂತರ ಬಂದರೂ ‘ವ್ಯೋ’ ಸಾಮಾನ್ಯವಾಗಿ ಮುಂಚೆ ಬರುತ್ತದೆ. ನಂತರ ಬರುವ ಕೆಲವು ಸಂದರ್ಭಗಳಿವೆ. ಮಾಗಿಸಿದ ಪಾನೀಯಗಳಿಗೆ ಅದು ನಂತರವೇ ಬರುತ್ತದೆ. ‘ರೊಮ್ ವ್ಯೋ’ ಎಂದರೆ ಪೀಪಾಯಿಯಲ್ಲಿಟ್ಟು ಮಾಗಿಸಿದ ರಮ್, ಮಾರ್ಟಿನಿಕ್ ದ್ವೀಪದ ಮಾನ್ಯತೆ ಪಡೆದ ರಮ್‌ಗೆ ಈ ಹೆಸರು ಬೇಕಾದರೆ ಕನಿಷ್ಠ ಮೂರು ವರ್ಷ ಮಾಗಿರಬೇಕು. ಅಲ್ಲಿ ‘ವ್ಯೋ’ ಎಂಬುದು ಕುಂದಲ್ಲ, ಗುಣ.

ಮೂರನೆಯ ಹೆಜ್ಜೆ: ‘ಆಂಸ್ಯಾಂ’ ಎಲ್ಲಿ ನಿಂತಿದೆ ಎಂದು ನೋಡಿ

ಇಡೀ ವಿಷಯದ ಹೃದಯ ಇಲ್ಲಿದೆ. ‘ಆಂಸ್ಯಾಂ’ ಎಂಬ ಒಂದೇ ಪದ ನಾಮಪದದ ಮುಂಚೆ ನಿಂತರೆ ‘ಮಾಜಿ, ಹಿಂದಿನ’ ಎಂಬ ಅರ್ಥ ಕೊಡುತ್ತದೆ, ನಂತರ ನಿಂತರೆ ‘ಪ್ರಾಚೀನ, ಪುರಾತನ’ ಎಂಬ ಅರ್ಥ ಕೊಡುತ್ತದೆ. ‘ಮೋನ್ ಆಂಸ್ಯಾಂ ಪ್ರೊಫೆಸೊರ್’ ಎಂದರೆ ಹಿಂದೆ ನನಗೆ ಪಾಠ ಹೇಳಿದವರು. ಅವರ ವಯಸ್ಸು ಮೂವತ್ತೈದೇ ಇರಬಹುದು. ‘ಅಂ ವ್ಯೋ ಪ್ರೊಫೆಸೊರ್’ ಎಂದರೆ ವಯಸ್ಸಾದ ಅಧ್ಯಾಪಕರು. ಅವರು ನಾಳೆ ಬೆಳಗ್ಗೆಯೂ ತರಗತಿಗೆ ಹೋಗುವವರೇ ಇರಬಹುದು.

ಪ್ಯಾರಿಸ್ಸಿನ ಒರ್ಸೇ ವಸ್ತುಸಂಗ್ರಹಾಲಯವನ್ನು ತೆಗೆದುಕೊಳ್ಳಿ. 1900ರ ವಿಶ್ವ ಪ್ರದರ್ಶನಕ್ಕೆಂದು ಕಟ್ಟಿದ ರೈಲು ನಿಲ್ದಾಣ ಅದು. 1986ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಫ್ರೆಂಚರು ಆ ಕಟ್ಟಡವನ್ನು ‘ಲಾಂಸ್ಯೆನ್ ಗಾರ್ ದೋರ್ಸೇ’, ಅಂದರೆ ಒರ್ಸೇಯ ಹಿಂದಿನ ನಿಲ್ದಾಣ ಎನ್ನುತ್ತಾರೆ. ಈಗ ಅಲ್ಲಿ ದೂರದೂರಿನ ರೈಲು ಬರುವುದಿಲ್ಲ ಎಂಬುದೇ ಆ ಗುಣವಾಚಕದ ತಿರುಳು. ಕಟ್ಟಡಕ್ಕೆ ವಯಸ್ಸಾಗಿದೆ ಎಂಬುದಲ್ಲ. ಇನ್ನೂ ರೈಲು ಓಡುತ್ತಿರುವ ಹಳೆಯ ನಿಲ್ದಾಣಕ್ಕೆ ‘ಯ್ಯೂನ್ ವ್ಯೆಯ್ ಗಾರ್’ ಎನ್ನಬೇಕು.

ಈ ಮಾತನ್ನು ನಮ್ಮ ನೆಲದ ಉದಾಹರಣೆಗೆ ಅನ್ವಯಿಸಿದರೆ ಅದರ ತೂಕ ತಿಳಿಯುತ್ತದೆ. ಬೇಲೂರಿನ ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ. ಅಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಹೊಯ್ಸಳರ ಈ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಫ್ರೆಂಚ್ ಪ್ರವಾಸಿಗರಿಗೆ ಅವುಗಳ ಪರಿಚಯ ಮಾಡಿಕೊಡುವ ಅಗತ್ಯವೂ ಹೆಚ್ಚಾಗಿದೆ. ಮಾರ್ಗದರ್ಶಕರೊಬ್ಬರು ಬೇಲೂರನ್ನು ‘ಅನ್ ಆಂಸ್ಯಾಂ ತಾಂಪ್ಲ್’ ಎಂದರೆ, ಇದು ಒಂದು ಕಾಲಕ್ಕೆ ದೇವಾಲಯವಾಗಿತ್ತು, ಈಗ ಅಲ್ಲ ಎಂದು ಕೇಳುಗರು ತಿಳಿಯುತ್ತಾರೆ. ಅದೇ ಹೊತ್ತಿಗೆ ಗರ್ಭಗುಡಿಯ ಗಂಟೆ ಬಾರಿಸಿದರೆ ಅವರಿಗೆ ಗೊಂದಲವಾಗುತ್ತದೆ. ‘ಅಂ ವ್ಯೋ ತಾಂಪ್ಲ್’ ಎಂದರೆ ವ್ಯಾಕರಣ ತಪ್ಪಲ್ಲ, ಆದರೆ ಸವೆದು ಹಳತಾದ ಗುಡಿ ಎಂಬ ಛಾಯೆ ಬಂದು ಗೌರವ ಕಡಿಮೆಯಾಗುತ್ತದೆ. ಹೇಳಬೇಕಾದದ್ದು ‘ಅಂ ತಾಂಪ್ಲ್ ಆಂಸ್ಯಾಂ’. ಇನ್ನೂ ಒಳ್ಳೆಯದು, ಗುಣವಾಚಕವನ್ನೇ ಬಿಟ್ಟು ‘ಹನ್ನೆರಡನೆಯ ಶತಮಾನದ ದೇವಾಲಯ’ ಎಂದು ಹೇಳುವುದು: ‘ಅಂ ತಾಂಪ್ಲ್ ದ್ಯೂ ದೂಜ಼್ಯೆಮ್ ಸ್ಯೇಕ್ಲ್’. ಕಾಲ ಗೊತ್ತಿರುವಲ್ಲಿ ಕಾಲವನ್ನೇ ಹೇಳುವುದು ಫ್ರೆಂಚರಿಗೂ ಹೆಚ್ಚು ಇಷ್ಟ.

ಪೀಠೋಪಕರಣದ ಅಂಗಡಿಯಲ್ಲಿ ಈ ಸ್ಥಾನಭೇದಕ್ಕೆ ಬೆಲೆಯೇ ಇದೆ. ‘ಅಂ ವ್ಯೋ ಮೊಬ್ಲ್’ ಎಂದರೆ ಅಟ್ಟಕ್ಕೆ ಹಾಕಬಹುದಾದ ಹಳೆಯ ಮೇಜೋ ಕಪಾಟೋ. ‘ಅಂ ಮೊಬ್ಲ್ ಆಂಸ್ಯಾಂ’ ಎಂದರೆ ಹಳೆಯ ಕಾಲದ ಕುಶಲಕರ್ಮಿಗಳು ಮಾಡಿದ, ಸಂಗ್ರಹಯೋಗ್ಯವಾದ ವಸ್ತು. ಮನೆ ಕೊಳ್ಳುವವರ ಮಾತಿನಲ್ಲಿ ‘ಆಂಸ್ಯಾಂ’ ನಾಮಪದವೂ ಆಗಿದೆ: ಹೊಸದಾಗಿ ಕಟ್ಟಿದ್ದನ್ನು ಬಿಟ್ಟು ಈ ಮೊದಲೇ ಜನ ವಾಸವಿದ್ದ ಮನೆಯನ್ನು ಕೊಳ್ಳುವುದಕ್ಕೆ ‘ದಾಂ ಲಾಂಸ್ಯಾಂ’ ಕೊಳ್ಳುವುದು ಎನ್ನುತ್ತಾರೆ.

ಹಣದ ವಿಷಯದಲ್ಲಿ ನಮ್ಮ ಅನುಭವವೂ ಅವರ ಅನುಭವವೂ ಒಂದು ಕಡೆ ಸೇರುತ್ತವೆ. 1960ರಲ್ಲಿ ಫ್ರಾನ್ಸ್ ಹೊಸ ಫ್ರಾಂಕ್ ತಂದಾಗ ನೂರು ಹಳೆಯ ಫ್ರಾಂಕುಗಳಿಗೆ ಒಂದು ಹೊಸ ಫ್ರಾಂಕ್ ಸಮವಾಯಿತು. ಆ ಹಳೆಯ ನಾಣ್ಯಮಾನಕ್ಕೆ ‘ಆಂಸ್ಯಾಂ ಫ್ರಾಂ’ ಎಂದು ಹೆಸರಾಯಿತು. ಎಷ್ಟೋ ಜನ ದಶಕಗಳ ನಂತರವೂ ಮನಸ್ಸಿನಲ್ಲಿ ಆ ಲೆಕ್ಕವನ್ನೇ ಹಾಕುತ್ತಿದ್ದರು. 2016ರ ನವೆಂಬರ್ 8ರ ರಾತ್ರಿ ರದ್ದಾದ ನಮ್ಮ ಐನೂರು, ಸಾವಿರ ರೂಪಾಯಿಯ ಹಳೇ ನೋಟುಗಳ ಬಗ್ಗೆ ಬರೆಯುವಾಗ ‘ಲೇ ಜ಼ಾಂಸ್ಯಾಂ ಬಿಯೇ’ ಎನ್ನಬೇಕು. ‘ವ್ಯೋ ಬಿಯೇ’ ಎಂದರೆ ಕೈ ಬದಲಾಗಿ ಬದಲಾಗಿ ಮಾಸಿ ಮುದುಡಿದ ನೋಟು. ಅದು ಈಗಲೂ ಚಲಾವಣೆಯಲ್ಲಿ ಇರಬಹುದು.

‘ಹಳೇ ಮೈಸೂರು’ ಎಂಬ ನಮ್ಮ ಪ್ರಯೋಗಕ್ಕೂ ಇದೇ ಉತ್ತರ. ಅದು ಮುಪ್ಪಾದ ಮೈಸೂರಲ್ಲ. ಹಿಂದಿನ ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಪ್ರದೇಶ. ಆದ್ದರಿಂದ ‘ಲಾಂಸ್ಯಾಂ ರ್ವಾಯೋಮ್ ದ ಮೈಸೂರ್’, ಅಂದರೆ ಹಿಂದಿನ ಮೈಸೂರು ರಾಜ್ಯ. ಆದರೆ ಊರೊಳಗಿನ ಹಳೆಯ ಬಡಾವಣೆಗಳಿಗೆ ‘ವ್ಯೋ’ ಪದವೇ ಸಲ್ಲುತ್ತದೆ. ಮಾರ್ಸೇಯ್ ನಗರದ ಹಳೆಯ ಬಂದರು ‘ವ್ಯೋ ಪೋರ್’, ಲಿಯೋಂ ನಗರದ ಹಳೆಯ ಭಾಗ ‘ವ್ಯೋ ಲಿಯೋಂ’. ಅಲ್ಲೆಲ್ಲ ಈಗಲೂ ಜನಜೀವನ ನಡೆದೇ ಇದೆ.

ಇನ್ನು ರೂಪಗಳು. ಪುಲ್ಲಿಂಗ ‘ಆಂಸ್ಯಾಂ’, ಸ್ತ್ರೀಲಿಂಗ ‘ಆಂಸ್ಯೆನ್’. ಸ್ತ್ರೀಲಿಂಗದಲ್ಲಿ ಎನ್ ಅಕ್ಷರ ಇಮ್ಮಡಿಯಾಗಿ ಇ ಸೇರುತ್ತದೆ, ಮೂಗಿನ ಸ್ವರ ಹೋಗುತ್ತದೆ. ಪುಲ್ಲಿಂಗ ಏಕವಚನದ ಮುಂದೆ ಸ್ವರ ಬಂದರೂ ಮೂಗಿನ ಸ್ವರ ಹೋಗಿ ಸ್ಪಷ್ಟವಾದ ‘ನ್’ ಕೇಳಿಸುತ್ತದೆ: ಹಿಂದಿನ ವಿದ್ಯಾರ್ಥಿ ‘ಅನ್ ಆಂಸ್ಯೆನ್ ಎಲೇವ್’. ಬಹುವಚನದಲ್ಲಿ ಮೂಗಿನ ಸ್ವರ ಮರಳಿ ಬಂದು ‘ಜ಼್’ ಸೇರಿಕೊಳ್ಳುತ್ತದೆ: ‘ಲೇ ಜ಼ಾಂಸ್ಯಾಂ ಜ಼ೆಲೇವ್’. ಈ ಎರಡನ್ನು ಗಟ್ಟಿಯಾಗಿ ಹತ್ತಾರು ಸಲ ಹೇಳಿ ಅಭ್ಯಾಸ ಮಾಡಿ. ಓದಿ ತಿಳಿದುಕೊಂಡರೆ ಸಾಲದು.

ಗೆಳೆಯನ ವಿಷಯ

‘ಓಲ್ಡ್ ಫ್ರೆಂಡ್’ ಎಂಬ ನುಡಿಗಟ್ಟನ್ನು ಬೇರೆಯಾಗಿಯೇ ನೋಡಬೇಕು. ‘ಅಂ ವ್ಯೆಯ್ ಅಮೀ’ ಎಂದರೆ ಬಹುಕಾಲದ ಗೆಳೆಯ; ಇಪ್ಪತ್ತೈದರ ಹುಡುಗನಿಗೂ ಇಂಥ ಗೆಳೆಯ ಇರಬಹುದು, ಏಕೆಂದರೆ ವಯಸ್ಸಾಗಿರುವುದು ಸ್ನೇಹಕ್ಕೆ. ‘ಅನ್ ಆಂಸ್ಯೆನ್ ಅಮೀ’ ಎಂದರೆ ಒಂದು ಕಾಲಕ್ಕೆ ಗೆಳೆಯನಾಗಿದ್ದವನು, ಈಗ ಆ ಸ್ನೇಹ ಉಳಿದಿಲ್ಲ. ‘ಅನ್ ಅಮೀ ಆಝೇ’ ಎಂದರೆ ವಯಸ್ಸಿನಲ್ಲಿ ದೊಡ್ಡವರಾದ ಸ್ನೇಹಿತರು. ಮದುವೆಯ ಕರೆಯೋಲೆಯ ಜೊತೆಗಿನ ಪತ್ರದಲ್ಲಿ ಮೊದಲನೆಯದರ ಜಾಗಕ್ಕೆ ಎರಡನೆಯದು ಬಿದ್ದರೆ ಓದಿದವರ ಮನಸ್ಸು ನೋಯುತ್ತದೆ. ಈ ಮೂರನ್ನು ಒಂದರ ಕೆಳಗೊಂದು ಬರೆದು ಕಣ್ಣೆದುರು ಇಟ್ಟುಕೊಳ್ಳುವಂತೆ ನಾನು ಎಲ್ಲ ಕಲಿಕೆಗಾರರಿಗೂ ಹೇಳುತ್ತೇನೆ.

ನಾಲ್ಕನೆಯ ಹೆಜ್ಜೆ: ಮನುಷ್ಯರ ವಯಸ್ಸನ್ನು ಮರ್ಯಾದೆಯಿಂದ ಹೇಳಿ

‘ಮುದುಕ’ ಎನ್ನುವುದಕ್ಕೂ ‘ವಯಸ್ಸಾದವರು’ ಎನ್ನುವುದಕ್ಕೂ ಕನ್ನಡದಲ್ಲಿ ಎಷ್ಟು ಅಂತರವಿದೆಯೋ ಫ್ರೆಂಚಿನಲ್ಲೂ ‘ವ್ಯೋ’ ಮತ್ತು ‘ಆಝೇ’ ಪದಗಳ ನಡುವೆ ಹೆಚ್ಚುಕಡಿಮೆ ಅಷ್ಟೇ ಅಂತರವಿದೆ. ‘ಆಝೇ’ ಎಂದರೆ ವಯಸ್ಸಾದ. ಅದು ಯಾವಾಗಲೂ ನಾಮಪದದ ನಂತರ ಬರುತ್ತದೆ: ‘ಯ್ಯೂನ್ ದಾಮ್ ಆಝೇ’ ಎಂದರೆ ವಯಸ್ಸಾದ ಮಹಿಳೆ, ‘ಲೇ ಪೆರ್ಸೊನ್ ಜ಼ಾಝೇ’ ಎಂದರೆ ವೃದ್ಧರು. ಪುಲ್ಲಿಂಗ, ಸ್ತ್ರೀಲಿಂಗ, ಏಕವಚನ, ಬಹುವಚನ ಎಂಬ ನಾಲ್ಕು ರೂಪಗಳಿಗೂ ಉಚ್ಚಾರ ಒಂದೇ. ವ್ಯತ್ಯಾಸ ಬರವಣಿಗೆಯಲ್ಲಿ ಮಾತ್ರ. ‘ಲೇ ವ್ಯೋ’ ಎಂದು ವೃದ್ಧರನ್ನು ಒಟ್ಟಾಗಿ ಕರೆಯುವುದು ಒರಟು. ಕೆನಡಾದ ಕೆಬೆಕ್ ಪ್ರಾಂತದಲ್ಲಿ ಹಿರಿಯ ನಾಗರಿಕರಿಗೆ ‘ಲೇ ಜ಼ೆನೇ’ ಎಂಬ ಪದ ರೂಢಿಯಲ್ಲಿದೆ. ನಮ್ಮ ‘ಹಿರಿಯರು’ ಎಂಬುದಕ್ಕೆ ಅದು ತೀರ ಹತ್ತಿರ.

ಆ ‘ಎನೇ’ ಪದದ ಮೊದಲ ಕೆಲಸ ಒಡಹುಟ್ಟಿದವರನ್ನು ಹೇಳುವುದು. ಅಣ್ಣ ‘ಫ್ರೇರ್ ಎನೇ’, ಅಕ್ಕ ‘ಸರ್ ಎನೇ’. ಮನೆಮಾತಿನಲ್ಲಿ ‘ಗ್ರಾಂ ಫ್ರೇರ್’, ‘ಗ್ರಾಂದ್ ಸರ್’, ಅಂದರೆ ದೊಡ್ಡ ಅಣ್ಣ, ದೊಡ್ಡ ಅಕ್ಕ ಎನ್ನುವ ಹಾಗೆ. ‘ವ್ಯೋ ಫ್ರೇರ್’ ಎಂದು ಮಾತ್ರ ಅನುವಾದಿಸಬೇಡಿ. ಎಲ್ಲರಿಗಿಂತ ವಯಸ್ಸಾದವರಿಗೆ ‘ದ್ವಾಯ್ಯಾಂ’, ಸ್ತ್ರೀಯಾದರೆ ‘ದ್ವಾಯೆನ್’ ಎಂಬ ಗೌರವದ ಪದವಿದೆ. ಆರ್ಲ್ ಪಟ್ಟಣದಲ್ಲಿ 1875ರಲ್ಲಿ ಹುಟ್ಟಿ 1997ರಲ್ಲಿ, ತಮ್ಮ 122ನೆಯ ವಯಸ್ಸಿನಲ್ಲಿ ತೀರಿಕೊಂಡ ಝಾನ್ ಕಾಲ್ಮಾಂ ಅವರನ್ನು ಫ್ರೆಂಚ್ ಪತ್ರಿಕೆಗಳು ಮನುಕುಲದ ‘ದ್ವಾಯೆನ್’ ಎಂದು ಕರೆದವು.

ಐದನೆಯ ಹೆಜ್ಜೆ: ‘ಎಷ್ಟು ವಯಸ್ಸು’ ಎಂಬಲ್ಲಿ ಗುಣವಾಚಕವನ್ನೇ ಕೈಬಿಡಿ

ಇಂಗ್ಲಿಷಿನಲ್ಲಿ ವಯಸ್ಸು ಕೇಳುವಾಗಲೂ ಹೇಳುವಾಗಲೂ ‘ಓಲ್ಡ್’ ಬರುತ್ತದೆ, ‘ಇರು’ ಎಂಬ ಕ್ರಿಯಾಪದ ಬರುತ್ತದೆ. ಫ್ರೆಂಚಿನಲ್ಲಿ ಎರಡೂ ಬರುವುದಿಲ್ಲ. ‘ಕೆಲ್ ಆಝ್ ಅವೇ ವೂ’ ಎಂದು ಕೇಳಬೇಕು, ‘ಝೇ ವ್ಯಾಂ ತಾಂ’ ಎಂದು ಹೇಳಬೇಕು. ಪದಪದಕ್ಕೆ ನೋಡಿದರೆ ‘ನಾನು ಇಪ್ಪತ್ತು ವರ್ಷಗಳನ್ನು ಹೊಂದಿದ್ದೇನೆ’ ಎಂದಾಗುತ್ತದೆ. ಇಂಗ್ಲಿಷಿನಿಂದ ಬರುವವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಕನ್ನಡದಿಂದ ಬರುವವರಿಗೆ ಹಾಗೆ ಕಾಣಬೇಕಾಗಿಲ್ಲ. ‘ನನಗೆ ಇಪ್ಪತ್ತು ವರ್ಷ’, ‘ನನಗೆ ಇಬ್ಬರು ಮಕ್ಕಳಿದ್ದಾರೆ’, ‘ನನಗೆ ಹಸಿವು’, ‘ನನಗೆ ಬಾಯಾರಿಕೆ’, ‘ನನಗೆ ಹೆದರಿಕೆ’ ಎಂದು ನಾವು ಚತುರ್ಥಿ ವಿಭಕ್ತಿಯಲ್ಲಿ ಹೇಳುವ ಇವಿಷ್ಟಕ್ಕೂ ಫ್ರೆಂಚ್ ಅದೇ ‘ಹೊಂದಿರು’ ಕ್ರಿಯಾಪದವನ್ನು ಬಳಸುತ್ತದೆ: ‘ಝೇ ವ್ಯಾಂ ತಾಂ’, ‘ಝೇ ದೋ ಜ಼ಾಂಫಾಂ’, ‘ಝೇ ಫ್ಯಾಂ’, ‘ಝೇ ಸ್ವಾಫ್’, ‘ಝೇ ಪೊರ್’. ಹಾಗಾಗಿ ಕನ್ನಡದ ವಾಕ್ಯದಲ್ಲಿ ‘ನನಗೆ’ ಬಂದಾಗಲೆಲ್ಲ ಫ್ರೆಂಚಿನಲ್ಲಿ ‘ಝೇ’ ಬರುತ್ತದೆಯೇ ಎಂದು ಮೊದಲು ನೋಡಿ. ಎಲ್ಲ ಕಡೆ ಹೊಂದುವುದಿಲ್ಲ, ಆದರೆ ವಯಸ್ಸಿನ ವಿಷಯದಲ್ಲಿ ಇದು ತಪ್ಪುವುದಿಲ್ಲ. ಇಷ್ಟು ನೇರವಾದ ಹೋಲಿಕೆ ಕಣ್ಣೆದುರು ಇರುವಾಗ ಇಂಗ್ಲಿಷಿನ ಸುತ್ತುದಾರಿ ಹಿಡಿದು ತಪ್ಪುವುದು ಅನ್ಯಾಯವೆಂದೇ ನನಗೆ ಅನಿಸುತ್ತದೆ. ವರ್ಷ ಎಂಬರ್ಥದ ‘ಆಂ’ ಪದವನ್ನು ಮಾತ್ರ ಬಿಡುವಂತಿಲ್ಲ. ಇಂಗ್ಲಿಷಿನ ಹಾಗೆ ಬರೀ ಸಂಖ್ಯೆ ಹೇಳಿ ನಿಲ್ಲಿಸಿದರೆ ವಾಕ್ಯ ಅರ್ಧಕ್ಕೆ ನಿಂತಂತೆ.

‘ಇಪ್ಪತ್ತು ವರ್ಷದ ವಿದ್ಯಾರ್ಥಿ’ ಎಂಬಂಥ ಕಡೆ, ವ್ಯಕ್ತಿಯಾದರೆ ‘ಆಝೇ ದ’ ಎಂದು ಸಂಖ್ಯೆ ಸೇರಿಸಿ, ವಸ್ತುವಾದರೆ ‘ವ್ಯೋ ದ’ ಎಂದು ಸಂಖ್ಯೆ ಸೇರಿಸಿ. ಇನ್ನೂರು ವರ್ಷದ ಮರ ‘ಅನ್ ಆರ್ಬ್ರ್ ವ್ಯೋ ದ ದೋ ಸಾಂ ಜ಼ಾಂ’. ಮರ ಎಂಬ ಪದ ಸ್ವರದಿಂದ ಆರಂಭವಾದರೂ ಇಲ್ಲಿ ‘ವ್ಯೆಯ್’ ಬಂದಿಲ್ಲ, ಏಕೆಂದರೆ ಗುಣವಾಚಕ ನಾಮಪದದ ಮುಂಚೆ ಬಂದಿಲ್ಲ.

ಆರನೆಯ ಹೆಜ್ಜೆ: ಬೇರೆ ಪದ ಬೇಕಾದ ಕಡೆಗಳು

ಇವು ಹೆಚ್ಚು ವಿವರಣೆ ಬೇಡುವುದಿಲ್ಲ. ನಾವು ತಂಗಳು ಎನ್ನುವ ಹಾಗೆ ನಿನ್ನೆಯ ಗಟ್ಟಿಯಾದ ಬ್ರೆಡ್ಡಿಗೆ ‘ಪ್ಯಾಂ ರಸ್ಸೀ’ ಎನ್ನುತ್ತಾರೆ. ಬೇರೆಯವರು ಬಳಸಿ ಮಾರಿದ ಕಾರು, ಪುಸ್ತಕಗಳಿಗೆ ‘ದೊಕಾಜ಼್ಯೋಂ’. ‘ಸೆಕೆಂಡ್ ಹ್ಯಾಂಡ್’ ಎಂದು ನಾವು ಹೇಳುವುದೇ ಅದು. ಗ್ರೀಕ್, ರೋಮನ್ ಕಾಲಕ್ಕೆ ಸೇರಿದ್ದಕ್ಕೆ ‘ಆಂತೀಕ್’, ನಾಮಪದದ ನಂತರ: ಪ್ರಾಚೀನ ಗ್ರೀಸ್ ‘ಲಾ ಗ್ರೇಸ್ ಆಂತೀಕ್’. ಕೆಲಸದಲ್ಲಿನ ಸೇವಾ ಹಿರಿತನಕ್ಕೆ ‘ಆಂಸ್ಯೆನ್‌ತೇ’ ಎಂಬ ನಾಮಪದವಿದೆ. ‘ಅದೇ ಹಳೇ ಕಥೆ’ ಎಂಬಲ್ಲಿ ವಯಸ್ಸಿನ ಮಾತೇ ಇಲ್ಲದಿರುವುದರಿಂದ ‘ವ್ಯೋ’ ಬೇಡ. ‘ಅದೇ ರಾಗ, ಅದೇ ಹಾಡು’ ಎಂದು ನಾವು ಬೇಸರಪಡುವ ಹಾಗೆ ಅವರೂ ‘ಸೇ ತೂಝೂರ್ ಲಾ ಮೇಮ್ ಶಾಂಸೋಂ’, ಅಂದರೆ ‘ಯಾವಾಗಲೂ ಅದೇ ಹಾಡು’ ಎನ್ನುತ್ತಾರೆ.

ಭಾಷೆಗಳ ಹೆಸರಿನಲ್ಲಿ ರೂಢಿಯೇ ನಿಯಮ. ಹಳೆಯ ಫ್ರೆಂಚ್ ‘ಆಂಸ್ಯಾಂ ಫ್ರಾಂಸೇ’ ಆದರೆ ಹಳೆಯ ಇಂಗ್ಲಿಷ್ ‘ವ್ಯೆಯ್ ಆಂಗ್ಲೇ’, ಹಳೆಯ ನಾರ್ಸ್ ‘ವ್ಯೋ ನೊರ್ವಾ’. ಹಳಗನ್ನಡಕ್ಕೆ ನಾನು ‘ವ್ಯೋ ಕನ್ನಡ’ ಎಂಬುದನ್ನೇ ಆರಿಸುತ್ತೇನೆ, ಮೊದಲ ಬಾರಿ ಬಂದಾಗ ಜೊತೆಯಲ್ಲಿ ಒಂದು ಸಾಲಿನ ವಿವರಣೆ ಕೊಡುತ್ತೇನೆ. ‘ಕಳೆದುಹೋದ ಒಳ್ಳೆಯ ಕಾಲ’ ಎಂಬುದಕ್ಕೆ ‘ಲ ಬೋಂ ವ್ಯೋ ತಾಂ’. ಕಾಲಕ್ಕೆ ಹೊಂದದ ಹಳೆಯ ಅಭಿರುಚಿಯವರಿಗೆ ‘ವ್ಯೋ ಝೋ’, ಇದು ಲಿಂಗವಚನಗಳಿಗೆ ಬದಲಾಗುವುದಿಲ್ಲ. ‘ಮೋಂ ವ್ಯೋ’ ಎಂಬುದು ಗೆಳೆಯರೊಳಗೆ ‘ಮಾರಾಯ’ ಎಂದ ಹಾಗೆ. ಪರಿಚಯವಿಲ್ಲದ ಹಿರಿಯರಿಗೆ ಹೇಳುವ ಮಾತಲ್ಲ.

ಏಳನೆಯ ಹೆಜ್ಜೆ: ಒಂದು ಪರಿಚ್ಛೇದದ ಮೇಲೆ ಪ್ರಯೋಗಿಸಿ

ಈ ಕನ್ನಡ ಸಾಲುಗಳನ್ನು ತೆಗೆದುಕೊಳ್ಳೋಣ: ‘ಹಾಸನ ಜಿಲ್ಲೆಯಲ್ಲಿ ನನ್ನ ಹಳೆಯ ಗೆಳೆಯನೊಬ್ಬನಿದ್ದಾನೆ. ಅವನು ಅಲ್ಲಿನ ಶಾಲೆಯ ಹಳೆಯ ಮೇಷ್ಟರು. ಒಂದು ಹಳೆಯ ಹೆಂಚಿನ ಮನೆಯಲ್ಲಿ ತನ್ನ ವಯಸ್ಸಾದ ತಾಯಿಯೊಂದಿಗೆ ವಾಸವಾಗಿದ್ದಾನೆ. ಅವನ ಅಣ್ಣ ಹಳೆಯ ಕಾರೊಂದನ್ನು ಕೊಂಡು ನಮ್ಮನ್ನೆಲ್ಲ ಹೊಯ್ಸಳರ ಹಳೆಯ ರಾಜಧಾನಿಗೆ ಕರೆದೊಯ್ದ.’

ಮೊದಲ ವಾಕ್ಯದಲ್ಲಿ ಸ್ನೇಹ ಈಗಲೂ ಇದೆ, ಆದ್ದರಿಂದ ‘ಅಂ ವ್ಯೆಯ್ ಅಮೀ’. ಎರಡನೆಯದರಲ್ಲಿ ಅವನು ಆ ಕೆಲಸ ಬಿಟ್ಟಿದ್ದಾನೆಯೇ, ಇಲ್ಲ 30 ವರ್ಷಗಳಿಂದ ಅಲ್ಲೇ ಇದ್ದಾನೆಯೇ ಎಂಬುದು ಕನ್ನಡ ವಾಕ್ಯದಿಂದ ತಿಳಿಯುವುದಿಲ್ಲ. ಊಹೆ ಮಾಡದೆ ಬರೆದವರನ್ನು ಕೇಳಬೇಕು. ಬಿಟ್ಟಿದ್ದರೆ ‘ಅನ್ ಆಂಸ್ಯೆನ್ ಆಂಸ್ತಿತ್ಯುತೊರ್’ ಎನ್ನಿ, ಅಲ್ಲೇ ಇದ್ದರೆ ಗುಣವಾಚಕ ಬಿಟ್ಟು ‘ಬಹುಕಾಲದಿಂದ’ ಎಂಬರ್ಥದ ‘ದಪ್ವಿ ಲೋಂತಾಂ’ ಸೇರಿಸಿ. ಮನೆ ಸ್ತ್ರೀಲಿಂಗ: ಬರೀ ಹಳತಾದ ಮನೆಯಾದರೆ ‘ಯ್ಯೂನ್ ವ್ಯೆಯ್ ಮೇಜ಼ೋಂ’, ಕಂಬ, ತೊಟ್ಟಿ, ಕೆತ್ತನೆಗಳಿಂದ ನೋಡತಕ್ಕ ಹಳೆಯ ಕಾಲದ ಮನೆಯಾದರೆ ‘ಯ್ಯೂನ್ ಮೇಜ಼ೋಂ ಆಂಸ್ಯೆನ್’. ತಾಯಿಗೆ ‘ಸಾ ಮೇರ್ ಆಝೇ’ ಎನ್ನಬೇಕು, ‘ವ್ಯೆಯ್ ಮೇರ್’ ಎನ್ನುವುದು ಈ ಪತ್ರಕ್ಕೆ ಹೊಂದುವುದಿಲ್ಲ. ಅಣ್ಣ ‘ಸೋಂ ಫ್ರೇರ್ ಎನೇ’. ಕಾರನ್ನು ‘ಕೊಂಡ’ ಎಂದಿರುವುದರಿಂದ ಅದು ಅವನ ಹಿಂದಿನ ಕಾರಾಗಿರಲು ಸಾಧ್ಯವಿಲ್ಲ, ಹಾಗಾಗಿ ‘ಆಂಸ್ಯೆನ್’ ಮುಂಚೆ ಬರುವಂತಿಲ್ಲ. ಬೇರೆಯವರಿಂದ ಕೊಂಡದ್ದೆಂಬುದು ಮುಖ್ಯವಾದರೆ ‘ಯ್ಯೂನ್ ವ್ವಾತ್ಯೂರ್ ದೊಕಾಜ಼್ಯೋಂ’, ಕಾರಿಗೆ ವಯಸ್ಸಾಗಿತ್ತೆಂಬುದು ಮುಖ್ಯವಾದರೆ ‘ಯ್ಯೂನ್ ವ್ಯೆಯ್ ವ್ವಾತ್ಯೂರ್’. ಕೊನೆಯದಾಗಿ, ಹೊಯ್ಸಳರ ರಾಜಧಾನಿ ಈಗ ರಾಜಧಾನಿಯಲ್ಲ. ಊರಿನ ಹೆಸರಿನಲ್ಲಿಯೇ ‘ಹಳೇ’ ಇದ್ದರೂ ಇಲ್ಲಿ ವಯಸ್ಸಿಗಿಂತ ಕಳೆದುಹೋದ ಪದವಿಯೇ ಹೇಳಬೇಕಾದ ವಿಷಯ. ‘ಕಾಪಿತಾಲ್’ ಸ್ತ್ರೀಲಿಂಗವಾದ್ದರಿಂದ ‘ಲಾಂಸ್ಯೆನ್ ಕಾಪಿತಾಲ್ ದೇ ಹೊಯ್ಸಳ’ ಎಂದು ಬರೆದು, ಹಳೇಬೀಡು ಎಂಬ ಹೆಸರನ್ನು ಅನುವಾದಿಸದೆ ಹಾಗೆಯೇ ಉಳಿಸಿಕೊಳ್ಳಿ.